ಬೋರಲು ಹಾಕಿದ ತಾಟು

ಮೊಮ್ಮಗಳು ಸುವರ್ಣಾ ಕಲಬುರಗಿಯಲ್ಲಿ ಖಾನಾವಳಿ ತೆರೆಯುತ್ತಿದ್ದಾಳೆ. ಜೋಳ ಎಲ್ಲಿ ಕೊಳ್ಳಬೇಕು, ಎಷ್ಟು ಮಂದಿಗೆ ಎಷ್ಟು ಬೇಳೆ ಇಡಬೇಕು ಎಂದು ಹೇಳಿಕೊಡಲು ಅವಳಿಗೆ ಬಹಳ ಜನ ಇದ್ದಾರೆ. ನನ್ನ ಹತ್ತಿರ ಬಂದು, "ಅಜ್ಜಿ, ನೀ ಇಷ್ಟು ವರ್ಷ ಮಂದಿಗಿ ಉಣ್ಣಾಕ ನೀಡಿದಿ. ನಿಂದೊಂದು ಮಾತು ಹೇಳಲಾ" ಎಂದಳು. ಬಾಯಿಂದ ಹೇಳಲು ಹೋದರೆ ನಡುವೆಯೇ ಬಿಟ್ಟು ಎದ್ದುಬಿಡುತ್ತೇನೆ. ಅಕ್ಷರ ತವರೂರಿನ ಮಠದಲ್ಲಿ ಕಲಿತಿದ್ದೆ, ಇನ್ನೂ ಮರೆತಿಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಈ ಕೆಲಸಕ್ಕೆ ಇಳಿಯುವ ಬೇರೆ ಹೆಣ್ಣುಮಕ್ಕಳೂ ಓದಿದರೆ ಓದಲಿ.

ನಮ್ಮ ಖಾನಾವಳಿ ಹೇಗೆ ದೊಡ್ಡದಾಯಿತು, ಯಾರು ಬಂದು ಹೊಗಳಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಮೊದಲ ಕೆಲವು ವರ್ಷಗಳದ್ದು ಮಾತ್ರ ಇದೆ, ಅದರಲ್ಲೂ ಹೆಚ್ಚಿನದು ನನ್ನ ಕೈಯಿಂದಾದ ಒಂದು ತಪ್ಪು.

ನಮ್ಮದು ಚಿಂಚೋಳಿ ತಾಲೂಕಿನಲ್ಲಿ ಚಂದ್ರಂಪಳ್ಳಿ ಕಡೆಯ ಹಳ್ಳಿ. ಆಗ ಅಲ್ಲಿ ದೊಡ್ಡ ಕೆರೆ ಕಟ್ಟಿರಲಿಲ್ಲ, ಸುತ್ತ ಅಡವಿಯೇ ಇತ್ತು. ನನ್ನ ಮೊದಲ ಕೂಸು ಹುಟ್ಟಿದ ಹನ್ನೊಂದನೇ ದಿನಕ್ಕೆ ಜ್ವರ ಬಂದು ತೀರಿಹೋಯಿತು. ಊರಿಗೆ ಊರೇ ನಮ್ಮ ಅಂಗಳದಲ್ಲಿ ಕುಳಿತಿತ್ತು. ಒಬ್ಬರು ವಿಭೂತಿ ತಂದರು, ಒಬ್ಬರು ಬೇರು ತೇಯ್ದರು, ಒಬ್ಬಾಕೆ ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅಷ್ಟು ಮಂದಿ ಇದ್ದರೂ ಒಬ್ಬ ಡಾಕ್ಟರ್ ಇರಲಿಲ್ಲ. ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ನಮ್ಮ ಮನೆಯವರಿಗೆ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಕೆಲಸ ಸಿಕ್ಕಿತು. ಎರಡನೆಯದು ಹೊಟ್ಟೆಯಲ್ಲಿತ್ತು. "ಅಲ್ಲಿ ದವಾಖಾನಿ ಅದ, ನಡಿ" ಎಂದರು. ಆ ಒಂದು ಮಾತಿಗೆ ನಾನು ಗಂಟು ಕಟ್ಟಿದೆ.

ಎರಡನೆಯದು, ಅಂದರೆ ಸುವರ್ಣಾಳ ತಾಯಿ, ಶಹಾಬಾದಿನಲ್ಲಿ ಹುಟ್ಟಿದಳು. ಅವಳಿಗೂ ಜ್ವರ ಬಂತು. ಡಾಕ್ಟರು ಸೂಜಿ ಹಾಕಿದರು, ಉಳಿದಳು. ಶಹಾಬಾದು ನನಗೆ ಏನೇ ಮಾಡಿರಲಿ, ಈ ಒಂದು ಉಪಕಾರವನ್ನು ನಾನು ದಿನಾ ಇಷ್ಟಲಿಂಗದ ಮುಂದೆ ನೆನೆಯುತ್ತೇನೆ.

ಆದರೆ ಊರು ಹೇಗಿತ್ತು ಎಂದು ಹೇಳಬೇಕು. ಗೋಡೆ, ನೆಲ, ಮಾಳಿಗೆ ಎಲ್ಲವೂ ಫರಸಿ ಕಲ್ಲು. ಬೇಸಿಗೆಯಲ್ಲಿ ಕೋಣೆಯೊಳಗೆ ರೊಟ್ಟಿಯ ಹಂಚಿನ ಮೇಲೆ ಕುಳಿತಂತೆ ಇರುತ್ತಿತ್ತು. ಒಗೆದು ಹಾಕಿದ ಸೀರೆ ಒಣಗುವಷ್ಟರಲ್ಲಿ ಸಿಮೆಂಟಿನ ಬೂದಿ ಕುಳಿತು ಬಿರುಸಾಗುತ್ತಿತ್ತು. ಕಾರ್ಖಾನೆಯ ಭೋಂಗಾ ಕೂಗಿದಾಗ ಏಳಬೇಕು, ಕೂಗಿದಾಗ ಉಣ್ಣಬೇಕು. ನಾವು ಕೋಣೆ ಹಿಡಿದ ಮೂರನೇ ದಿನ ನಾನು ಬಟ್ಟಲಿನಲ್ಲಿ ಶೇಂಗಾ ಹಿಂಡಿ ಹಾಕಿಕೊಂಡು ಪಕ್ಕದ ಮನೆಗೆ ಹೋದೆ. ಹೊಸದಾಗಿ ಬಂದವಳು ನಾಲ್ಕು ಮನೆಗೆ ಹೋಗಿ ಮಾತಾಡಿಸಬೇಕು, ನಮ್ಮ ಕಡೆ ಅದೇ ರೀತಿ. ಒಬ್ಬ ಹೆಂಗಸು ಬಾಗಿಲು ಅರ್ಧ ತೆರೆದು, "ಏನ್ ಬೇಕಿತ್ತು?" ಎಂದಳು.

ಏನೂ ಬೇಕಿರಲಿಲ್ಲ. ಬಟ್ಟಲು ಹಿಡಿದುಕೊಂಡು ಹಾಗೇ ತಿರುಗಿ ಬಂದೆ. ಆಕೆ ಕೆಟ್ಟವಳಲ್ಲ ಎಂದು ಆಮೇಲೆ ಗೊತ್ತಾಯಿತು. ಆ ಊರಿನಲ್ಲಿ ಬಾಗಿಲಿಗೆ ಬಂದವರೆಲ್ಲ ಏನಾದರೂ ಬೇಕಾಗಿಯೇ ಬರುತ್ತಿದ್ದರು, ಅದಕ್ಕೇ ಹಾಗೆ ಕೇಳಿದ್ದಳು.

ನಳ ಮಾತ್ರ ನನಗೆ ದೇವರೇ ಕೊಟ್ಟಂತಿತ್ತು. ಹಳ್ಳಿಯಲ್ಲಿ ಬಾವಿಯಿಂದ ಎರಡು ಕೊಡ ತಲೆಯ ಮೇಲೆ, ಒಂದು ಸೊಂಟದ ಮೇಲೆ ಹೊತ್ತವಳು ನಾನು. ಇಲ್ಲಿ ಓಣಿಯ ತುದಿಯಲ್ಲಿ ಕಬ್ಬಿಣದ ನಳ. ತಿರುವಿದರೆ ನೀರು. ಮೊದಲ ದಿನ ಅದರ ಕೆಳಗೆ ಕೈ ಹಿಡಿದು ಸುಮ್ಮನೆ ನಿಂತಿದ್ದೆ. ಹಿಂದೆ ನಿಂತವರು, "ಏನ್ ಯವ್ವಾ, ನೀರು ನೋಡಿಲ್ಲೇನು?" ಎಂದು ನಕ್ಕರು.

ನಮ್ಮ ಮನೆಯವರು ಊಟಕ್ಕೆ ಹೋಗುತ್ತಿದ್ದ ಖಾನಾವಳಿ ಗಂಗಕ್ಕನದು. ಅವಳು ವಿಧವೆ. ಹಳ್ಳಿಯಲ್ಲಿದ್ದರೆ ಮೂಲೆಯಲ್ಲಿ ಕೂರಿಸುತ್ತಿದ್ದರು, ಇಲ್ಲಿ ಹದಿನೈದು ಮಂದಿ ಗಂಡಸರನ್ನು ಸಾಲಾಗಿ ಕೂರಿಸಿ ಉಣ್ಣಲು ಹಾಕುತ್ತಿದ್ದಳು. ಅವಳ ಕೈ ಕೆಳಗೆ ನಾನು ರೊಟ್ಟಿ ಬಡಿಯಲು ಸೇರಿದೆ. ಮೊದಲ ದಿನವೇ ನನ್ನ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ರೊಟ್ಟಿಯೇನಬೇ, ಫರಸಿಯೇನು? ಇದರ ಮ್ಯಾಲ ಮನಿ ಕಟ್ಟಬಹುದು."

"ಊರಾಗ ಹಿಂಗೇ ಬಡೀತಿದ್ವಿ ಅಕ್ಕ."

"ಊರಾಗ ನಿನ್ನ ಗಂಡ ಒಬ್ಬಾಂವ ತಿಂತಿದ್ದ, ಅಂಜಿ ಸುಮ್ಮನಿರ್ತಿದ್ದ. ಇವ್ರು ಯಾರೂ ನಿನಗ ಅಂಜೋದಿಲ್ಲ."

ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿದರೆ ತೆಳ್ಳಗೆ ಬಡಿಯಬಹುದು ಎಂದು ಅವಳೇ ತೋರಿಸಿದಳು. ಕಟ್ಟಿಗೆಯ ಒಲೆ ಬಿಟ್ಟು ಕಲ್ಲಿದ್ದಲಿನ ಒಲೆಗೆ ಬಂದಾಗ ಒಂದು ವಾರ ನಾನು ಸುಟ್ಟ ರೊಟ್ಟಿಯನ್ನೇ ನೀಡಿದೆ. ಕಟ್ಟಿಗೆಯನ್ನು ಹಿಂದಕ್ಕೆ ಎಳೆದರೆ ಉರಿ ತಗ್ಗುತ್ತದೆ, ಕಲ್ಲಿದ್ದಲು ಯಾರ ಮಾತೂ ಕೇಳುವುದಿಲ್ಲ. ಊಟಕ್ಕೆ ಬರುತ್ತಿದ್ದ ಸೇಡಂ ಕಡೆಯ ಸಿದ್ರಾಮ ಎಂಬುವನು, "ನೀಲಕ್ಕ, ಬಾಯಿಗಿ ಬೂದಿ ಕಾರ್ಖಾನ್ಯಾಗೇ ಸಿಗ್ತದ. ಇಲ್ಲಿ ರೊಟ್ಟಿ ಕೊಡು" ಎಂದ. ಎಲ್ಲರೂ ನಕ್ಕರು. ನಗದೆ ಉಂಡವನು ನರಸಪ್ಪ ಒಬ್ಬನೇ.

ನರಸಪ್ಪ ಸಿಮೆಂಟಿನ ಚೀಲ ಹೊಲಿಯುವ ಕೆಲಸದಲ್ಲಿದ್ದ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಮಾತಿನಲ್ಲಿ ತೆಲುಗು ಸೇರುತ್ತಿತ್ತು. ಗೋಡೆಯ ಕಡೆಯ ತುದಿಯಲ್ಲಿ ಕೂರುತ್ತಿದ್ದ, ಪುಂಡಿ ಪಲ್ಯ ಇದ್ದ ದಿನ ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದ. ನನಗೆ ಹಳ್ಳಿಯ ಬುದ್ಧಿ ಬಿಟ್ಟಿರಲಿಲ್ಲ. ಒಂದು ದಿನ ಪಲ್ಯ ನೀಡುತ್ತಾ, "ಯಾವ ಊರಪ್ಪ ನಿಂದು? ಯಾರ ಪೈಕಿ? ಇಲ್ಲಿ ಎಲ್ಲಿ ಇರ್ತಿ?" ಎಂದು ಕೇಳಿದೆ.

ಅವನ ಬಾಯಿ ನಿಂತಿತು. ತುತ್ತು ಕೆನ್ನೆಯಲ್ಲೇ ಉಳಿಯಿತು. "ಕುಂಚಾವರಂ ಕಡಿ" ಎಂದು ತಾಟಿಗೇ ಹೇಳಿದಂತೆ ಹೇಳಿ, ಅರ್ಧ ಊಟಕ್ಕೆ ಎದ್ದು ಕೈ ತೊಳೆದ.

ಆ ಮಧ್ಯಾಹ್ನ ಗಂಗಕ್ಕ ನನ್ನನ್ನು ಕೂರಿಸಿಕೊಂಡು ಹೇಳಿದಳು: "ನೀಲಾ, ನಿನಗ ಉಣ್ಣಾಕ ನೀಡಂತ ಹೇಳೀನಿ, ಕುಲ ಕೇಳಂತ ಹೇಳಿಲ್ಲ. ಈ ಊರಿಗಿ ಯಾವನು ಯಾಕ ಬಂದಾನ, ಏನು ಬಿಟ್ಟು ಬಂದಾನ, ನಿನಗ ಗೊತ್ತದೇನು? ಯಾರೂ ಕೇಳೋದಿಲ್ಲ ಅಂತೇ ಬಂದಿರ್ತಾರ. ನನಗ ಯಾರರೆ ಗಂಡ ಹ್ಯಾಂಗ ಸತ್ತ ಅಂತ ಕೇಳಿದ್ರ ನಾನು ಒಂದಿನ ಇಲ್ಲಿರ್ತಿರಲಿಲ್ಲ."

ನನಗೆ ನಾಚಿಕೆಯಾಯಿತು. ಅಲ್ಲಿಂದ ಮುಂದೆ ನಾನು ಯಾರನ್ನೂ ಕೇಳಲಿಲ್ಲ. ಕೇಳದೆ ಇರುವುದೇ ಮರ್ಯಾದೆ ಎಂದು ಕಲಿತೆ. ನರಸಪ್ಪನೂ ಮರುದಿನ ಬಂದು ತನ್ನ ಜಾಗದಲ್ಲಿ ಕುಳಿತ. ಒಂದೂವರೆ ವರ್ಷ ಹಾಗೆಯೇ ಎರಡು ಹೊತ್ತು ಬಂದು ಉಂಡ. ಅವನ ಕೋಣೆ ಎಲ್ಲಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ತಾಟಿನ ವಿಷಯ ಹೇಳಬೇಕು. ಗಂಗಕ್ಕನ ಖಾನಾವಳಿಯಲ್ಲಿ ಪ್ರತಿಯೊಬ್ಬನಿಗೂ ಅವನದೇ ತಾಟು, ಅವನದೇ ಬಟ್ಟಲು. ಹಿಂಬದಿಯಲ್ಲಿ ಮೊಳೆಯಿಂದ ಗೀಚಿದ ಒಂದೊಂದು ಗುರುತು ಇರುತ್ತಿತ್ತು. ನರಸಪ್ಪನದು ಸೂಜಿಯ ಗುರುತು. ಉಂಡವನು ತನ್ನ ತಾಟು ತಾನೇ ಬೆಳಗಿ ಗೋಡೆಯ ಹಲಗೆಯ ಮೇಲೆ ಇಡಬೇಕು. ಮುಂದಿನ ಹೊತ್ತು ಊಟಕ್ಕೆ ಬರುವವನಾದರೆ ತಾಟನ್ನು ಅಂಗಾತ ಇಡುವುದು. ಊರಿಗೆ ಹೋಗುವವನಾದರೆ ಬಟ್ಟಲನ್ನು ಕೆಳಗಿಟ್ಟು ಅದರ ಮೇಲೆ ತಾಟನ್ನು ಬೋರಲು ಹಾಕಿ ಹೋಗುವುದು. ಭೋಂಗಾ ಕೂಗುವ ಗಡಿಬಿಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಾವು ಹಲಗೆ ನೋಡಿ, ಅಂಗಾತ ಇದ್ದ ತಾಟು ಎಣಿಸಿ ಹಿಟ್ಟು ನಾದುತ್ತಿದ್ದೆವು. ಒಂದು ರೊಟ್ಟಿಯೂ ಹಳಸುತ್ತಿರಲಿಲ್ಲ. ಇಂಥ ಜಾಣ ರೀತಿ ಹಳ್ಳಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ ಎಂದು ನಾನು ತವರಿಗೆ ಹೋದಾಗ ಹೇಳಿಕೊಂಡಿದ್ದೂ ಉಂಟು.

ಅದು ಶ್ರಾವಣ ಹಿಡಿಯುವ ಮುಂಚಿನ ನಾಗರ ಅಮಾವಾಸ್ಯೆ, ಶನಿವಾರ. ಹಿಂದಿನ ದಿನ ಸಂಜೆ ನರಸಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದಿದ್ದ. "ತಲಿ ಭಾರ ಆಗ್ಯಾದ ಅಕ್ಕ" ಎಂದ. ನಾನು, "ಪ್ರಸಾದ ಬಿಡಬಾರದಪ್ಪ" ಎಂದು ಬೈದೆ. ಅವನು ಮತ್ತೆ ಕುಳಿತು ಆ ಅರ್ಧ ರೊಟ್ಟಿಯನ್ನು ನೀರು ಕುಡಿದು ನುಂಗಿದ. ತಾಟು ಬೆಳಗಿ ಅಂಗಾತ ಇಟ್ಟು ಹೋದ.

ಅಮಾವಾಸ್ಯೆಗೆ ಮನೆ ಸಾರಿಸಿ, ಪಾತ್ರೆ ಪಗಡ ಎಲ್ಲ ತೊಳೆಯಬೇಕು. ಪಂಚಮಿಗೆ ಊರಿಗೆ ಹೋದ ನಾಲ್ವರ ತಾಟುಗಳನ್ನು ಬಟ್ಟಲು ಸಮೇತ ಹಾಗೇ ಪಕ್ಕಕ್ಕೆ ಸರಿಸಿದೆ. ಉಳಿದ ಹನ್ನೊಂದರ ಬಟ್ಟಲುಗಳನ್ನು ಹಲಗೆಯ ಆಚೆ ತುದಿಗೆ ಇಟ್ಟು, ತಾಟುಗಳನ್ನು ನಳಕ್ಕೆ ಒಯ್ದೆ. ಆ ದಿನ ನೀರು ಭರಪೂರ ಬರುತ್ತಿತ್ತು. ಹಳ್ಳಿಯಲ್ಲಾದರೆ ಬೂದಿಯಿಂದ ತಿಕ್ಕಿ, ಒಂದು ಬೊಗಸೆ ನೀರು ಚೆಲ್ಲಿ, ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದೆವು. ಇಲ್ಲಿ ನನಗೆ ನೀರಿನ ಆಸೆ. ಒಂದೊಂದು ತಾಟನ್ನೂ ನಳದ ಕೆಳಗೆ ಹಿಡಿದು, ತಿರುಗಿಸಿ ತಿರುಗಿಸಿ ತೊಳೆದೆ. ಅಷ್ಟೊಂದು ನೀರನ್ನು ಒರೆಸುತ್ತ ಕೂರಲು ಆಗುವುದೇ? ಸೋರಿ ಹೋಗಲಿ ಎಂದು ಹನ್ನೊಂದನ್ನೂ ಹಲಗೆಯ ಮೇಲೆ ಬೋರಲು ಹಾಕಿದೆ.

ಗಂಗಕ್ಕ ನನಗೆ ಎಷ್ಟೋ ಸಲ ಹೇಳಿದ್ದಳು: "ತೊಳೆದ್ರ ತೊಳಿ, ಹೆಂಗಿತ್ತೋ ಹಂಗೇ ಇಡು." ಆ ದಿನ ಅವಳು ಹೂರಣ ರುಬ್ಬುತ್ತಿದ್ದಳು, ನೋಡಲಿಲ್ಲ. ಹಬ್ಬದ ದಿನ ಊಟ ಸಂಜೆ ಒಂದೇ ಹೊತ್ತು. ಬಂದವರು ತಮ್ಮ ತಮ್ಮ ತಾಟು ತಾವೇ ತೆಗೆದುಕೊಂಡು ಉಂಡು, ಬೆಳಗಿ, ಅಂಗಾತ ಇಟ್ಟರು. ಹತ್ತು ತಾಟು ಸರಿಯಾದವು. ಬರದವನದು ಬೋರಲಾಗಿಯೇ ಉಳಿಯಿತು.

ಭಾನುವಾರ ಅವನು ಬರಲಿಲ್ಲ. ನಾವು ಹಲಗೆ ನೋಡಿ ಹಿಟ್ಟು ನಾದಿದೆವು.

ಸೋಮವಾರ ಮಧ್ಯಾಹ್ನ ಸಿದ್ರಾಮ ಉಣ್ಣುತ್ತಾ, "ನೀಲಕ್ಕ, ನರಸಪ್ಪ ಕೆಲಸಕ್ಕೂ ಬಂದಿಲ್ಲ. ಏನಾಗ್ಯಾದೋ, ಖೋಲಿ ಹುಡುಕಿ ನೋಡಿ ಬರ್ಲೇನು?" ಎಂದ. ನಾನು ಒಲೆಯ ಮುಂದಿನಿಂದ ಏಳಲೂ ಇಲ್ಲ. ಹಿಟ್ಟಿನ ಕೈಯಿಂದ ಹಲಗೆ ತೋರಿಸಿದೆ.

"ತಾಟು ಬೋರಲು ಅದ ನೋಡು. ಪಂಚಮಿಗಿ ಊರಿಗಿ ಹೋಗ್ಯಾನ."

"ಹೌದಲಾ. ನನಗ ಹೇಳಲೇ ಇಲ್ಲ ಮಗ" ಎಂದು ಸಿದ್ರಾಮ ಬೇಳೆ ಹಾಕಿಸಿಕೊಂಡ.

ಸುವರ್ಣಾ, ಈ ಜಾಗವನ್ನು ಎರಡು ಸಲ ಓದು. ತಾಟು ಬೋರಲು ಹಾಕಿದ್ದು ಕೈತಪ್ಪು, ಅದನ್ನು ಶಿವ ಕ್ಷಮಿಸಬಹುದು. ಆದರೆ ಒಬ್ಬನು ನೋಡಲು ಹೊರಟಿದ್ದ, ಅವನನ್ನು ನಾನು ತಡೆದೆ.

ಮಂಗಳವಾರ ಬೆಳಿಗ್ಗೆ ಹಲಗೆಯ ಧೂಳು ಒರೆಸಲು ಊರಿಗೆ ಹೋದವರ ತಾಟುಗಳನ್ನು ಒಂದೊಂದಾಗಿ ಎತ್ತಿದೆ. ನಾಲ್ಕರ ಕೆಳಗೆ ಬಟ್ಟಲು ಇತ್ತು. ಐದನೆಯದರ ಕೆಳಗೆ ಏನೂ ಇರಲಿಲ್ಲ. ತಿರುಗಿಸಿ ನೋಡಿದೆ, ಸೂಜಿಯ ಗುರುತು. ಅವನ ಬಟ್ಟಲು ಹಲಗೆಯ ಆಚೆ ತುದಿಯಲ್ಲಿ ಅಂಗಾತ ಕುಳಿತಿತ್ತು. ಊರಿಗೆ ಹೋಗುವವನು ಬಟ್ಟಲನ್ನು ಹೊರಗೆ ಬಿಡುವುದಿಲ್ಲ. ಹಾಗಾದರೆ ಈ ತಾಟನ್ನು ಅವನು ಬೋರಲು ಹಾಕಿಲ್ಲ. ತಾಟು ಹಿಡಿದುಕೊಂಡೇ ಒಲೆಯ ಕಡೆ ಓಡಿದೆ.

"ಗಂಗಕ್ಕ, ನರಸಪ್ಪ ಊರಿಗಿ ಹೋಗಿಲ್ಲ. ಇದು ನಾನು ಹಾಕಿದ್ದು."

ಅವಳು ನನ್ನನ್ನು ನೋಡಿದಳು, ಹಲಗೆ ನೋಡಿದಳು. ಬೈಯಲಿಲ್ಲ. ಒಲೆಯ ಮೇಲಿನ ಎಸರನ್ನು ಇಳಿಸಿ ಸೆರಗು ಬಿಗಿದಳು. "ಅವನ ಖೋಲಿ ಎಲ್ಲಿ?" ಎಂದು ಕೇಳಿದಳು. ಓಣಿಯಲ್ಲಿ ಕಂಡವರನ್ನೆಲ್ಲ ಕೇಳುತ್ತ ನಡೆದೆವು.

ಗೊತ್ತಿದ್ದವನು ಒಬ್ಬನೇ, ಟಾಂಗಾ ಹೊಡೆಯುವ ಮೈಬೂಬಸಾಬ. ಒಂದು ಸಲ ಮಳೆಯಲ್ಲಿ ನರಸಪ್ಪನನ್ನು ಕರೆದುಕೊಂಡು ಹೋಗಿ ಬಿಟ್ಟಿದ್ದನಂತೆ. "ಹಳಿ ಗಣಿ ದಂಡಿಗಿ ಫರಸಿ ಖೋಲಿ ಸಾಲು ಅದ ನೋಡ್ರಿ ಅಕ್ಕಾ, ಅಲ್ಲಿ. ಕುಂದ್ರಿ" ಎಂದು ನಮ್ಮಿಬ್ಬರನ್ನೂ ಕೂರಿಸಿಕೊಂಡ. ಹತ್ತು ನಿಮಿಷದ ದಾರಿ. ಅಷ್ಟೇ ಹತ್ತಿರ ಇತ್ತು.

ಹನ್ನೆರಡು ಬಾಗಿಲಿನ ಸಾಲು. ಏಳನೆಯದು ಮುಚ್ಚಿತ್ತು. ಎಡಗಡೆಯ ಕೋಣೆಯ ಗಂಡಸು ಗಡ್ಡ ಹೆರೆದುಕೊಳ್ಳುತ್ತಿದ್ದ. "ಮೂರು ದಿನದಿಂದ ಬಾಗಿಲು ಮುಚ್ಚೇ ಅದ. ಊರಿಗಿ ಹೋಗ್ಯಾನ ಅಂದ್ಕೊಂಡಿದ್ವಿ" ಎಂದ. ಮೈಬೂಬಸಾಬ ಅವನ ಕೈ ಹಿಡಿದು ಬಾಗಿಲ ಮುಂದೆ ತಂದು ನಿಲ್ಲಿಸಿದ.

"ಕೀಲಿ ಎಲ್ಲದನೋ? ಹೊರಗ ಕೀಲಿ ಇಲ್ಲ. ಒಳಗ ಚಿಲಕ ಹಾಕಿ ಊರಿಗಿ ಹ್ಯಾಂಗ ಹೋಗ್ತಾರ?"

ಆ ಮನುಷ್ಯನ ಅರ್ಧ ಮುಖಕ್ಕೆ ಸಾಬೂನು ಇತ್ತು. ಅದನ್ನು ಒರೆಸಿಕೊಳ್ಳುವುದನ್ನೂ ಮರೆತು ಅವನೇ ಬಾಗಿಲಿಗೆ ಹೆಗಲು ಕೊಟ್ಟ.

ನರಸಪ್ಪನಿಗೆ ಜೀವ ಇತ್ತು. ನೆಲದ ಮೇಲೆ, ಸಿಮೆಂಟಿನ ಚೀಲಗಳನ್ನು ಹೊಲಿದು ಮಾಡಿದ ಹಾಸಿಗೆಯ ಮೇಲೆ ಮಲಗಿದ್ದ. ತಂಬಿಗೆ ಉರುಳಿತ್ತು, ಒಳಗೆ ಹನಿ ನೀರಿರಲಿಲ್ಲ. ಮೈ ಮುಟ್ಟಿದರೆ ಕೆಂಡ. ನನ್ನನ್ನು ನೋಡಿ ತೆಲುಗಿನಲ್ಲಿ ಏನೋ ಅಂದ. ತನ್ನ ತಾಯಿ ಅಂದುಕೊಂಡಿರಬೇಕು.

ದವಾಖಾನೆಯಲ್ಲಿ ಕೂಡಲೇ ಸೇರಿಸಿಕೊಂಡರು. ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ, ಮಂಚ ಕೊಟ್ಟರು, ಸೂಜಿ ಹಾಕಿದರು. ನನ್ನ ಮಗಳನ್ನು ಉಳಿಸಿದ ಅದೇ ಡಾಕ್ಟರು. ಹೊರಗೆ ಬಂದು, "ಅಡವಿ ಸೀಮೆಯ ಚಳಿಜ್ವರ, ತಲೆಗೆ ಏರಿದೆ. ಎರಡು ದಿನ ಮೊದಲು ತಂದಿದ್ದರೆ ನನ್ನ ಕೈಯಲ್ಲಿ ಇರುತ್ತಿತ್ತು" ಎಂದರು. ಎರಡು ದಿನ ಮೊದಲು ಅಂದರೆ ಭಾನುವಾರ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಭಾನುವಾರ ಬೆಳಿಗ್ಗೆ ಆ ತಾಟು ಅಂಗಾತ ಇದ್ದಿದ್ದರೆ ಗಂಗಕ್ಕ, "ಇವನೆಲ್ಲಿ?" ಎಂದು ಕೇಳಿಯೇ ಕೇಳುತ್ತಿದ್ದಳು.

ಬುಧವಾರ ಸ್ವಲ್ಪ ಎಚ್ಚರವಾಯಿತು. ನಾನು ಜೋಳದ ಗಂಜಿ ಒಯ್ದಿದ್ದೆ. ನಾಲ್ಕು ಚಮಚ ಕುಡಿದ. ತನ್ನ ಹಳ್ಳಿಯ ಹೆಸರು, ತಾಯಿಯ ಹೆಸರು ಬಾಲಮ್ಮ ಎಂದು ಹೇಳಿದ. ನಾನು ಕೇಳಿರಲಿಲ್ಲ, ಅವನಾಗಿಯೇ ಹೇಳಿದ. "ಬಾಕಿ ಗಂಜಿ ಆಮ್ಯಾಲ ಕುಡೀತೀನಿ ಅಕ್ಕ, ಬಿಡಾಂಗಿಲ್ಲ" ಎಂದ. ಅಂದು ನಾನು ಪ್ರಸಾದ ಬಿಡಬಾರದು ಎಂದು ಬೈದದ್ದು ಅವನಿಗೆ ನೆನಪಿತ್ತು. ಗುರುವಾರ ಪಂಚಮಿ. ಓಣಿಯಲ್ಲಿ ಹೆಣ್ಣುಮಕ್ಕಳು ಜೋಕಾಲಿ ಕಟ್ಟುತ್ತಿದ್ದಾಗ ಸಿದ್ರಾಮ ಬಂದು ಸುದ್ದಿ ಹೇಳಿದ.

ಊಟದ ಮಂದಿ ಎಂಟು ಜನ ಸರದಿಯ ಮೇಲೆ ಹೆಗಲು ಕೊಟ್ಟರು. ಎಂಟು ಜನ ಎಂಟು ಊರಿನವರು. ಅವರಲ್ಲದೆ ಸಾಬೂನಿನ ಮುಖದ ಆ ಮನುಷ್ಯನೂ ಇದ್ದ, ಮೈಬೂಬಸಾಬನೂ ಇದ್ದ. ಹಳ್ಳಿಯಲ್ಲಾಗಿದ್ದರೆ ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಎಂದು ಮೊದಲು ಮಾತಾಗುತ್ತಿತ್ತು. ಇದನ್ನೂ ನಾನು ಪಟ್ಟಣದ ಒಳ್ಳೆಯದರಲ್ಲಿ ಸೇರಿಸುತ್ತೇನೆ. ಬದುಕಿದ್ದಾಗ ಬಾಗಿಲು ತಟ್ಟದವರೇ ಸತ್ತಾಗ ಹೆಗಲು ಕೊಟ್ಟರು.

ತಾಂಡೂರಿಗೆ ಹೋಗುವ ರೈಲಿನವರ ಕೈಯಲ್ಲಿ ಸುದ್ದಿ ಕಳಿಸಿದ್ದೆವು. ಭಾನುವಾರ ತಾಯಿ ಬಂದಳು. ಸಣ್ಣ ದೇಹದ ಮುದುಕಿ, ಕಂಕುಳಲ್ಲಿ ಒಂದು ಗಂಟು. ಊಟದ ಹೊತ್ತು, ಎಲ್ಲರೂ ಕುಳಿತಿದ್ದರು. ಅವಳು ಖಾನಾವಳಿಯ ಹೊಸ್ತಿಲಿನಿಂದ ಎರಡು ಮಾರು ಆಚೆ, ಅಂಗಳದಲ್ಲೇ ಕುಳಿತಳು.

"ಒಳಗ ಬಾ ಅವ್ವ" ಎಂದೆ.

"ಬ್ಯಾಡ ತಾಯಿ. ನಾವು ಇಲ್ಲೇ ಕುಂದರತೀವಿ" ಎಂದಳು.

ಆಗ ನನಗೆ ತಿಳಿಯಿತು, ಅವನ ತುತ್ತು ಕೆನ್ನೆಯಲ್ಲಿ ಏಕೆ ನಿಂತಿತ್ತು ಎಂದು. ಒಳಗೆ ಕುಳಿತವರಿಗೂ ತಿಳಿಯಿತು. ಗಂಗಕ್ಕ ತಂಬಿಗೆ ತುಂಬಿಕೊಂಡು ಹೊರಗೆ ಹೋಗಿ ಆಕೆಯ ಮೊಣಕೈ ಹಿಡಿದು ಎಬ್ಬಿಸಿದಳು.

"ನಿನ್ನ ಮಗ ಒಂದೂವರಿ ವರ್ಷ ಒಳಗ ಕುಂತು ಉಂಡಾನ. ನೀನು ಹೊರಗ ಯಾಕ ಕುಂದರತಿ? ಬಸವಣ್ಣನ ಹೆಸರು ಹೇಳಿ ಹಣಿಗಿ ವಿಭೂತಿ ಹಚ್ಚಿನಿ, ನನಗ ನಾಚಿಕಿ ಮಾಡಬ್ಯಾಡ."

ಅವನ ಜಾಗದಲ್ಲೇ ಕೂರಿಸಿದಳು. ಮರುದಿನ ಇಬ್ಬರು ತಮ್ಮ ತಾಟು, ಬಟ್ಟಲು ತೆಗೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಆ ಇಬ್ಬರೂ ಹೆಗಲು ಕೊಟ್ಟ ಎಂಟು ಮಂದಿಯಲ್ಲಿ ಇದ್ದವರು. ಮನುಷ್ಯನನ್ನು ಏನೆಂದು ಅರ್ಥಮಾಡಿಕೊಳ್ಳುವುದೋ ನನಗೆ ಇವತ್ತಿಗೂ ತಿಳಿಯದು.

ಬಾಲಮ್ಮನಿಗೆ ತಾಟಿನ ಮಾತು ಹೇಳಬೇಕೋ ಬೇಡವೋ ಎಂಬುದೇ ನನ್ನ ಎದೆಯಲ್ಲಿ ಕಲ್ಲಾಗಿ ಕುಳಿತಿತ್ತು. ನಮ್ಮ ಮನೆಯವರು, "ಹೇಳಬ್ಯಾಡ. ಹೇಳಿದ್ರ ಹುಡುಗ ಎದ್ದು ಬರ್ತಾನೇನು? ಆಕಿ ಇನ್ನೊಂದು ದುಃಖ ಹೊತ್ತು ಹೋಗ್ತಾಳ" ಎಂದರು. ಗಂಗಕ್ಕನನ್ನು ಕೇಳಿದೆ. "ತಾಟು ನಂದು, ಪದ್ಧತಿ ನಂದು. ಹೇಳೋದಿದ್ರ ಇಬ್ಬರ ಹೆಸರೂ ಹೇಳು" ಎಂದಳು.

ಸೋಮವಾರ ಬಾಲಮ್ಮನನ್ನು ವಾಡಿಯವರೆಗೆ ಬಿಡಲು ನಾನೇ ಹೋದೆ. ತಾಂಡೂರಿನ ಗಾಡಿ ಅಲ್ಲಿ ಹಿಡಿಯಬೇಕಿತ್ತು. ಅವನ ಸಾಮಾನು ಗಂಟಿನಲ್ಲಿತ್ತು: ಎರಡು ಅಂಗಿ, ಚೀಲ ಹೊಲಿಯುವ ದೊಡ್ಡ ಸೂಜಿ, ತಾಟು, ಬಟ್ಟಲು. ಎಂಜಿನ್ನು ನೀರು ತುಂಬಿಕೊಳ್ಳುತ್ತಿತ್ತು. ಮಂದಿ ನಮ್ಮನ್ನು ಸರಿಸಿಕೊಂಡು ಓಡಾಡುತ್ತಿದ್ದರು. ವಾಡಿಯಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರಿಗೂ ಬೇರೆ ಎಲ್ಲಿಗೋ ಹೋಗಬೇಕಿರುತ್ತದೆ. ಅಲ್ಲಿ ನಾನು ಹೇಳಿದೆ. ನಳ, ಅಮಾವಾಸ್ಯೆ, ಬೋರಲು ಹಾಕಿದ್ದು, ಸಿದ್ರಾಮನನ್ನು ತಡೆದದ್ದು, ಎಲ್ಲ ಹೇಳಿದೆ. ಗಂಗಕ್ಕನ ಹೆಸರು ಹೇಳಲಿಲ್ಲ.

ಅವಳು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಎಷ್ಟು ದಿನ?" ಎಂದು ಕೇಳಿದಳು.

"ಮೂರು ದಿನ. ಶನಿವಾರ, ಐತವಾರ, ಸೋಮವಾರ."

ಬೆರಳು ಮಡಿಸಿದಳು. "ಶನಿವಾರ ಅಮಾಸಿ ಅಂತ ಗುಡಿಸಲು ಸಾರಿಸಿದ್ದೆ. ಐತವಾರ ಎಳ್ಳು ಹುರಿದು ಉಂಡಿ ಕಟ್ಟಿದ್ದೆ. ಬಿಡ್ಡ ಪಂಚಮಿಗಿ ಬರ್ತಾನಂತ." ಮೂರನೆಯ ಬೆರಳು ಹಿಡಿದುಕೊಂಡಳು. "ಸೋಮವಾರ ಏನು ಮಾಡಿದ್ದೆನೋ ನೆಂಪಿಲ್ಲ ತಾಯಿ."

ಗಾಡಿ ಬಂತು. ಹತ್ತಿಸಿದೆ. ಕಿಟಕಿಯ ಒಳಗಿನಿಂದ ಗಂಟು ಬಿಚ್ಚಿ ತಾಟನ್ನು ತೆಗೆದು ನನ್ನ ಕೈಗೆ ಕೊಟ್ಟಳು. ನಾನು, "ಅವನದು ಅವ್ವ, ನಿನ್ನ ಹತ್ರ ಇರ್ಲಿ" ಎಂದೆ.

"ನನ್ನ ಮನ್ಯಾಗ ಅದರಾಗ ಉಣ್ಣೋರು ಯಾರದಾರ? ನೀನೇ ಇಟ್ಕೋ" ಎಂದಳು. ಗಾಡಿ ಅಲುಗಿತು. "ಬೋರಲು ಹಾಕಬ್ಯಾಡ" ಎಂದಳು.

ಆಮೇಲೆ ನಾವು ಆ ಪದ್ಧತಿ ಬಿಟ್ಟೆವು. ಬರುವ ಹೋಗುವ ಮಾತನ್ನು ಬಾಯಲ್ಲೇ ಹೇಳಬೇಕು, ಕೋಣೆ ಎಲ್ಲಿ ಎಂದು ತಿಳಿಸಬೇಕು, ಎರಡು ಹೊತ್ತು ಬರದವನ ಬಾಗಿಲಿಗೆ ಯಾರಾದರೂ ಹೋಗಬೇಕು ಎಂದು ಮಾಡಿದೆವು. ಕೆಲವರಿಗೆ ಅದು ಸೇರಲಿಲ್ಲ. ಚಿತ್ತಾಪುರದ ಕಡೆಯ ಒಬ್ಬನು, "ಉಣ್ಣಾಕ ಬಂದೀನಿ, ಹೆಣ್ಣು ಕೇಳಾಕ ಬಂದಿಲ್ಲ" ಎಂದು ಎದ್ದು ಹೋದ. ಇನ್ನೊಬ್ಬ ಒಳ್ಳೆಯ ಮನುಷ್ಯ ಏನೂ ಹೇಳದೆ ಬರುವುದನ್ನೇ ನಿಲ್ಲಿಸಿದ. ಅವನು ಏನನ್ನು ಬಿಟ್ಟು ಬಂದಿದ್ದನೋ, ನನ್ನ ಪ್ರಶ್ನೆ ಅವನನ್ನು ಎಲ್ಲಿಗೆ ಅಟ್ಟಿತೋ. ಕೇಳಿದರೆ ಹೀಗೆ, ಕೇಳದಿದ್ದರೆ ಹಾಗೆ. ಪಟ್ಟಣದಲ್ಲಿ ಐವತ್ತು ವರ್ಷ ಉಣ್ಣಲು ನೀಡಿದೆ. ಎಷ್ಟು ಕೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಳತೆ ನನ್ನ ಕೈಗೆ ಹತ್ತಲಿಲ್ಲ. ಆದರೂ ಸುವರ್ಣಾ, ನೀನು ಬಂದವರನ್ನು ಕೇಳು. ಸಿಟ್ಟು ಮಾಡಿ ಹೋದವನು ಇನ್ನೆಲ್ಲಾದರೂ ಉಂಡಾನು.

ಮೊನ್ನೆ ಸುವರ್ಣಾಳ ಹೊಸ ಅಡುಗೆಮನೆ ನೋಡಲು ಹೋಗಿದ್ದೆ. ನಳ ಒಳಗೇ ಇದೆ. ಹೊಸ ತಾಟುಗಳ ಜೊತೆ ನಾನು ಒಯ್ದಿದ್ದ ಹಳೆಯದನ್ನೂ ಸೇರಿಸಿ ತೊಳೆದು, ಸಾಲಾಗಿ ಬೋರಲು ಹಾಕಿದಳು. ನಾನು ಎದ್ದು ಹೋಗಿ ಹುಡುಕಿದೆ. ಸೂಜಿಯ ಗುರುತು ಸವೆದಿದೆ, ಬೆರಳಿಗೆ ಮಾತ್ರ ಸಿಗುತ್ತದೆ. ಅದನ್ನು ಅಂಗಾತ ಮಾಡಿದೆ.

"ಅಜ್ಜಿ, ನೀರು ನಿಂದರ್ತದಲ್ಲ" ಎಂದಳು.

"ನಿಂದರ್ಲಿ" ಎಂದೆ. ಸೆರಗಿನಿಂದ ಒರೆಸಿದೆ.